ಎರಡು ಊರು, ಒಂದು ಚುಕ್ಕೆ: ಬಾಹ್ಯಾಕಾಶ ನಿಲ್ದಾಣದ ಎತ್ತರವನ್ನು ತಾರಸಿಯಿಂದಲೇ ಅಳೆಯುವ ಬಗೆ

ಫೆಬ್ರವರಿಯ ಒಂದು ಸಂಜೆ. ಏಳು ಗಂಟೆ ದಾಟಿ ಹತ್ತು ನಿಮಿಷ. ಚಿತ್ರದುರ್ಗದ ನಮ್ಮ ಮನೆ ತಾರಸಿಯ ಮೇಲೆ ನಾನು, ನಮ್ಮ ಶಾಲೆಯ ಐದು ಮಕ್ಕಳು. ಬೆಂಗಳೂರಿನ ಬಸವನಗುಡಿಯ ಒಂದು ತಾರಸಿಯ ಮೇಲೆ ನನ್ನ ತಮ್ಮ. ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆ ಮೇಲಿಟ್ಟಿದ್ದೆ. "ಅಕ್ಕಾ, ಬಂತು ಬಂತು! ನೀರಿನ ಟ್ಯಾಂಕಿನ ಪಕ್ಕದಲ್ಲೇ ಇದೆ" ಎಂದು ಅವನು ಕೂಗಿದ. ಅಷ್ಟರಲ್ಲಿ ನಮಗೂ ಕಂಡಿತು.

ಇಬ್ಬರ ನಡುವೆ ನೇರ ಗೆರೆ ಎಳೆದರೆ ಸುಮಾರು 190 ಕಿಲೋಮೀಟರ್. ನೋಡುತ್ತಿದ್ದದ್ದು ಒಂದೇ ಚುಕ್ಕೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಆದರೆ ನಮಗೆ ಅದು ಒರಾಯನ್‌ನ ಹೆಗಲ ಪಕ್ಕದಲ್ಲಿ ಹಾದು ಹೋಯಿತು. ಒರಾಯನ್ ಅಂದರೆ ನಮ್ಮ ಮಹಾವ್ಯಾಧ. ತಮ್ಮನಿಗೆ ಅದು ರೋಹಿಣಿಗೂ ಕೃತ್ತಿಕೆಗೂ ನಡುವೆ ನುಗ್ಗಿ ಹೋಯಿತು. ಆಕಾಶದಲ್ಲಿ ಆ ಎರಡು ದಾರಿಗಳ ನಡುವೆ 25 ಡಿಗ್ರಿ ಅಂತರ. ಐವತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು!

ಆ ಅಂತರ ಒಂದು ಸಿಕ್ಕರೆ ನಿಲ್ದಾಣ ಎಷ್ಟು ಎತ್ತರದಲ್ಲಿದೆ ಎಂದು ನೀವೇ ಲೆಕ್ಕ ಹಾಕಬಹುದು. ದೂರದರ್ಶಕ ಬೇಡ, ರೇಡಾರ್ ಬೇಡ. ಕ್ಷಣದ ಹತ್ತನೇ ಒಂದು ಭಾಗ ತೋರಿಸುವ ಗಡಿಯಾರವೂ ಬೇಡ. ಬೇಕಾದದ್ದು ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಫೋನು, ಇನ್ನೊಂದು ಊರಿನಲ್ಲಿ ನಿಮ್ಮಷ್ಟೇ ಆಸಕ್ತಿ ಇರುವ ಒಬ್ಬರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಈ ಲೆಕ್ಕವನ್ನು ಮಕ್ಕಳ ಜೊತೆ ಮಾಡಿದ ಮೇಲೆ "ನಿಲ್ದಾಣ ಸುಮಾರು 420 ಕಿ.ಮೀ. ಎತ್ತರದಲ್ಲಿದೆ" ಎನ್ನುವ ಪುಸ್ತಕದ ಸಾಲು ನನಗೆ ಮೊದಲಿನ ಹಾಗೆ ಓದಿಸಿಕೊಳ್ಳುತ್ತಿಲ್ಲ. ಅದು ನಾವು ಮುಟ್ಟಿ ನೋಡಿದ ಸಂಖ್ಯೆ.

ಮೊದಲು, ಏನನ್ನು ನೋಡುತ್ತಿದ್ದೇವೆ

ನೆಲದಿಂದ 2,000 ಕಿ.ಮೀ. ಒಳಗಿರುವುದನ್ನು ಭೂಮಿಯ ಕೆಳಕಕ್ಷೆ ಎನ್ನುತ್ತಾರೆ. ಹಾಸನದ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಬೇರೆ. ಅವು 36,000 ಕಿ.ಮೀ. ಎತ್ತರದಲ್ಲಿ, ನಮ್ಮ ಪಾಲಿಗೆ ಆಕಾಶದ ಒಂದೇ ಜಾಗದಲ್ಲಿ ನಿಂತಂತೆ ಇರುತ್ತವೆ. ಬಾಹ್ಯಾಕಾಶ ನಿಲ್ದಾಣ ತೀರಾ ಹತ್ತಿರದ್ದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದಷ್ಟು ದೂರ, ಅಷ್ಟೇ. ಆದರೆ ನೇರ ಮೇಲಕ್ಕೆ. ಸೆಕೆಂಡಿಗೆ 7.66 ಕಿ.ಮೀ. ವೇಗ. ಸುಮಾರು 93 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು. 2000ದ ನವೆಂಬರ್ 2ರಿಂದ ಇವತ್ತಿನವರೆಗೆ ಒಂದು ದಿನವೂ ಖಾಲಿ ಬಿದ್ದಿಲ್ಲ, ಯಾರಾದರೂ ಒಳಗೆ ಇದ್ದೇ ಇದ್ದಾರೆ.

2025ರ ಜೂನ್ ಕೊನೆಯಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಜೊತೆಯಲ್ಲಿ ಹೆಸರುಕಾಳು, ಮೆಂತ್ಯವೂ ಹೋಗಿತ್ತು. ತೂಕವಿಲ್ಲದ ಜಾಗದಲ್ಲಿ ಅವು ಹೇಗೆ ಮೊಳಕೆಯೊಡೆಯುತ್ತವೆ ಎಂದು ನೋಡುವ ಪ್ರಯೋಗ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯ ವಿಜ್ಞಾನಿಗಳು ಸಿದ್ಧ ಮಾಡಿದ್ದು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು. ಅಮ್ಮ ಬಟ್ಟೆಯಲ್ಲಿ ಕಟ್ಟಿಡುವ ಹೆಸರುಕಾಳು ನಮ್ಮ ತಲೆ ಮೇಲೆ ಹಾದು ಹೋಗುತ್ತಿದೆ ಎಂದರೆ ಸುಮ್ನೆ ಮಾತಲ್ಲ. ಆ ವಾರ ಮೋಡ ಬಿಡಲಿಲ್ಲ, ಏನೂ ಕಾಣಲಿಲ್ಲ. ಅಳೆಯುವ ಯೋಚನೆ ಹುಟ್ಟಿದ್ದು ಆಗಲೇ.

ಯಾವ ದಿನ, ಯಾವ ದಾರಿ

ನಿಲ್ದಾಣ ತಾನಾಗಿ ಬೆಳಗುವುದಿಲ್ಲ. ಅದರ ಮೇಲೆ ಬಿಸಿಲು ಬೀಳಬೇಕು, ನಮಗೆ ಕತ್ತಲಾಗಿರಬೇಕು. ಹಾಗಾಗಿ ಸೂರ್ಯ ಮುಳುಗಿ ಒಂದೆರಡು ಗಂಟೆಯೊಳಗೆ, ಇಲ್ಲ ಅಂದರೆ ಸೂರ್ಯ ಹುಟ್ಟುವ ಮುಂಚೆ ಅಷ್ಟೇ ಹೊತ್ತು ಸಿಗುತ್ತದೆ. ಸಮಯ ತಿಳಿಯಲು ಹೆವೆನ್ಸ್ ಅಬವ್ ಅಥವಾ ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್ ಸಾಕು. ನಿಮ್ಮ ಊರನ್ನು ಕೊಟ್ಟರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಎಂದು ತೋರಿಸುತ್ತದೆ. ವಿಮಾನ ಎಂದು ಮೋಸ ಹೋಗಬೇಡಿ. ಮಿಣುಕುವ ಕೆಂಪು ದೀಪ ಇದ್ದರೆ ಅದು ವಿಮಾನ. ನಿಲ್ದಾಣ ಒಂದೇ ಸಮ ಬಿಳಿ ಬೆಳಕು, ಚೆನ್ನಾಗಿ ಹಾದರೆ ಶುಕ್ರನನ್ನು ಬಿಟ್ಟರೆ ಉಳಿದೆಲ್ಲ ಚುಕ್ಕೆಗಳಿಗಿಂತ ಪ್ರಕಾಶ ಜಾಸ್ತಿ.

ಇಲ್ಲಿ ಆತುರ ಬೇಡ. ಕಾಣುವುದೆಲ್ಲ ಅಳತೆಗೆ ಆಗುವುದಿಲ್ಲ.

ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿದೆ. ಅದರಿಂದ ಕರ್ನಾಟಕದ ಮೇಲೆ ಅದು ಎರಡೇ ದಾರಿಯಲ್ಲಿ ಹೋಗುತ್ತದೆ. ಒಂದು, ನೈಋತ್ಯದಿಂದ ಈಶಾನ್ಯಕ್ಕೆ. ಇನ್ನೊಂದು, ವಾಯವ್ಯದಿಂದ ಆಗ್ನೇಯಕ್ಕೆ. ನೀವು ಮತ್ತು ನಿಮ್ಮ ಜೊತೆಗಾರರು ಆ ದಾರಿಗೆ ಅಡ್ಡಲಾಗಿ, ದಾರಿಯ ಆಚೆ ಒಬ್ಬರು ಈಚೆ ಒಬ್ಬರು ಇರಬೇಕು. ಇಡೀ ಪ್ರಯೋಗದ ಜೀವ ಇದೇ.

ಯಾಕೆ ಅಂತ ಕೇಳಿ. ನಿಲ್ದಾಣ ತಲೆ ಮೇಲೆ ಇರುವಾಗ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಓಡುತ್ತದೆ. "ಈಗ ಎಲ್ಲಿದೆ" ಎಂದು ಇಬ್ಬರೂ ಒಂದೇ ಕ್ಷಣಕ್ಕೆ ಅಳೆಯಲು ಹೋದರೆ ಅರ್ಧ ಸೆಕೆಂಡು ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆ. ಅದನ್ನು ಬಿಟ್ಟು "ಅದರ ದಾರಿಯಲ್ಲಿ ಅತಿ ಎತ್ತರಕ್ಕೆ ಬಂದದ್ದು ಎಷ್ಟು ಡಿಗ್ರಿಗೆ" ಎಂದು ಅಳೆದರೆ (ದಿಗಂತ 0 ಡಿಗ್ರಿ, ನೆತ್ತಿ 90) ಸಮಯದ ಗೊಡವೆಯೇ ಇಲ್ಲ. ಅತಿ ಎತ್ತರದಲ್ಲಿದ್ದಾಗ ನಾವು ಅದನ್ನು ದಾರಿಗೆ ನೇರ ಅಡ್ಡವಾಗಿ ನೋಡುತ್ತಿರುತ್ತೇವೆ. ಆಚೆಯವರೂ ಹಾಗೆಯೇ. ಎರಡೂ ಕೋನ ಒಂದೇ ತ್ರಿಕೋನದೊಳಗೆ ಕೂರುತ್ತವೆ. ಸಣ್ಣ ಉಪಾಯ, ಆದರೆ ಇದರಿಂದಲೇ ತಾರಸಿಯ ಮೇಲೆ ನಿಂತು ಈ ಕೆಲಸ ಆಗುತ್ತದೆ.

ಚಿತ್ರದುರ್ಗ ಮತ್ತು ಬೆಂಗಳೂರು ಈ ವಿಷಯದಲ್ಲಿ ಹೇಳಿ ಮಾಡಿಸಿದ ಜೋಡಿ. ಎರಡನ್ನೂ ಸೇರಿಸುವ ಗೆರೆ ವಾಯವ್ಯದಿಂದ ಆಗ್ನೇಯಕ್ಕಿದೆ. ಅಂದರೆ ನೈಋತ್ಯದಿಂದ ಈಶಾನ್ಯಕ್ಕೆ ಹೋಗುವ ದಾರಿಗೆ ಹೆಚ್ಚೂಕಡಿಮೆ ಸರಿಯಾದ ಅಡ್ಡಗೆರೆ. ಹುಬ್ಬಳ್ಳಿ ಮತ್ತು ಬೆಂಗಳೂರೂ ಆಗುತ್ತದೆ, ದೂರ ಮಾತ್ರ ಎರಡರಷ್ಟು. ವಾಯವ್ಯದಿಂದ ಆಗ್ನೇಯಕ್ಕೆ ಹೋಗುವ ದಿನಕ್ಕೆ ಮಂಗಳೂರು ಮತ್ತು ಚಿತ್ರದುರ್ಗ, ಅಥವಾ ಉಡುಪಿ ಮತ್ತು ದಾವಣಗೆರೆ ಚೆನ್ನಾಗಿ ಹೊಂದುತ್ತವೆ. ಲಂಡನ್ ಕಡೆ ಇರುವ ಕನ್ನಡದವರಿಗೆ ಒಂದು ಮಾತು: ಅಲ್ಲಿ ನಿಲ್ದಾಣದ ದಾರಿ ಬಹುತೇಕ ಪಶ್ಚಿಮದಿಂದ ಪೂರ್ವಕ್ಕೆ, ಹಾಗಾಗಿ ನಿಮ್ಮ ಜೊತೆಗಾರರು ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು.

ಎರಡೂ ಊರಿನಲ್ಲಿ 60 ಡಿಗ್ರಿಗಿಂತ ಮೇಲೆ ಹೋಗುವ ದಿನವನ್ನೇ ಆರಿಸಿ. ನೈಋತ್ಯದಿಂದ ಬರುವ ದಾರಿಯಾದರೆ ಒಬ್ಬರಿಗೆ ಅದು ಆಗ್ನೇಯದ ಕಡೆ ಎತ್ತರಕ್ಕೆ ಬರಬೇಕು, ಇನ್ನೊಬ್ಬರಿಗೆ ವಾಯವ್ಯದ ಕಡೆ. ಆಗ ಅದು ನಿಮ್ಮಿಬ್ಬರ ನಡುವೆ ಹಾದು ಹೋಗುತ್ತಿದೆ ಎಂದು ಅರ್ಥ. ಇಬ್ಬರಿಗೂ ಒಂದೇ ಕಡೆ ಕಂಡರೆ ಕೆಳಗಿನ ಲೆಕ್ಕದಲ್ಲಿ ಕೂಡಿಸುವ ಬದಲು ಕಳೆಯಬೇಕಾಗುತ್ತದೆ. ಮೊದಲ ಸಲಕ್ಕೆ ಆ ತಲೆಬಿಸಿ ಬೇಡ.

ಅಡ್ಡ ದೂರ ತೆಗೆಯುವುದು

ಊರಿನಿಂದ ಊರಿಗೆ ಇರುವ ದೂರ ಅಲ್ಲ, ದಾರಿಗೆ ನೇರ ಅಡ್ಡವಾಗಿ ಇರುವ ದೂರ ಬೇಕು. ನಾವು ಮಾಡಿದ್ದು ಹೀಗೆ. ಕರ್ನಾಟಕದ ನಕ್ಷೆಯ ಮೇಲೆ ಎರಡೂ ಊರಿಗೆ ಚುಕ್ಕೆ ಇಟ್ಟೆವು. ಆವತ್ತು ನಿಲ್ದಾಣ ಹೋಗುವ ನೆಲದ ದಾರಿಯನ್ನು ಹೆವೆನ್ಸ್ ಅಬವ್ ನಕ್ಷೆಯಲ್ಲಿ ತೋರಿಸುತ್ತದೆ. ಅದನ್ನು ನೋಡಿಕೊಂಡು ಸ್ಕೇಲಿನಿಂದ ಗೆರೆ ಎಳೆದೆವು. ಆಮೇಲೆ ಸೆಟ್ ಸ್ಕ್ವೇರ್ ಇಟ್ಟು ಎರಡೂ ಊರಿನಿಂದ ಆ ಗೆರೆಗೆ ಲಂಬ ಇಳಿಸಿದೆವು. ಎರಡು ಲಂಬಗಳ ಉದ್ದ ಕೂಡಿಸಿದರೆ ಅಡ್ಡ ದೂರ. ನಮಗೆ ಸಿಕ್ಕಿದ್ದು 187 ಕಿ.ಮೀ. ನೇರ ದೂರಕ್ಕೂ ಇದಕ್ಕೂ ನಮ್ಮ ಜೋಡಿಯಲ್ಲಿ ವ್ಯತ್ಯಾಸ ಕಡಿಮೆ. ನಿಮ್ಮ ಊರುಗಳಿಗೆ ಜಾಸ್ತಿ ಆಗಬಹುದು, ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ಕೋನ ಅಳೆಯುವುದು

ಇದಕ್ಕೆ ಎರಡು ದಾರಿ ಇದೆ. ಎರಡನ್ನೂ ಮಾಡಿ.

ಮೊದಲನೆಯದು ಕೋನಮಾಪಕ. ಅದರ ನೇರ ಅಂಚಿಗೆ ಖಾಲಿ ಬಾಲ್‌ಪೆನ್ನಿನ ಕೊಳವೆಯನ್ನು ಟೇಪಿನಿಂದ ಅಂಟಿಸಿ. ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗುಬಿಡಿ. ಕೊಳವೆಯ ಮೂಲಕ ನಕ್ಷತ್ರವನ್ನು ನೋಡಿ. ದಾರ ನಿಂತ ಮೇಲೆ ಅದನ್ನು ಬೆರಳಿನಿಂದ ಅಲ್ಲೇ ಒತ್ತಿ ಹಿಡಿದು, ಟಾರ್ಚಿನ ಬೆಳಕಿನಲ್ಲಿ ಓದಿ. ದಾರ ತೋರಿಸುವ ಅಂಕಿಗೂ 90ಕ್ಕೂ ಇರುವ ವ್ಯತ್ಯಾಸವೇ ಆ ನಕ್ಷತ್ರದ ಎತ್ತರದ ಕೋನ.

ಓಡುತ್ತಿರುವ ಚುಕ್ಕೆಯನ್ನು ಕೊಳವೆಯೊಳಗೆ ಹಿಡಿಯಲು ಹೋಗಬೇಡಿ. ಆಗುವುದಿಲ್ಲ. ಬರಿಗಣ್ಣಿನಲ್ಲಿ ನೋಡುತ್ತಾ ಇರಿ. ಅತಿ ಎತ್ತರಕ್ಕೆ ಬಂದಾಗ ಅದು ಯಾವ ನಕ್ಷತ್ರದ ಪಕ್ಕದಲ್ಲಿತ್ತು, ಎಷ್ಟು ಮೇಲೆ ಅಥವಾ ಕೆಳಗೆ ಎಂದು ನೆನಪಿಟ್ಟುಕೊಳ್ಳಿ. ನಿಲ್ದಾಣ ಹೋಗಿಬಿಡಲಿ. ನಕ್ಷತ್ರ ಅಲ್ಲೇ ಇರುತ್ತದಲ್ವಾ, ಅದನ್ನು ನಿಧಾನವಾಗಿ ಅಳೆಯಿರಿ. ತೀರಾ ತಡ ಮಾಡಬೇಡಿ, ನಾಲ್ಕು ನಿಮಿಷಕ್ಕೆ ನಕ್ಷತ್ರಗಳೂ ಒಂದು ಡಿಗ್ರಿಯಷ್ಟು ಸರಿಯುತ್ತವೆ. ಐದು ಮಕ್ಕಳು ಐದು ಸಲ ಅಳೆದು ಸರಾಸರಿ ತೆಗೆದರೆ ಕೈನಡುಕದ ತಪ್ಪು ಎಷ್ಟೋ ಕಡಿಮೆಯಾಗುತ್ತದೆ.

ಎರಡನೆಯದು ಫೋಟೋ. ಇದು ಹೆಚ್ಚು ನಂಬಿಕೆಗೆ ಅರ್ಹ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಇಲ್ಲವೇ ಎರಡು ಇಟ್ಟಿಗೆ ನಡುವೆ ಆಕಾಶಕ್ಕೆ ಮುಖ ಮಾಡಿ ಒರಗಿಸಿ. ಕ್ಯಾಮೆರಾದ ಪ್ರೊ ಮೋಡಿಗೆ ಹೋಗಿ ಶಟರ್ 10 ಸೆಕೆಂಡು, ಐಎಸ್‌ಒ 200 ಅಥವಾ 400 ಇಡಿ. ಬಟನ್ ಒತ್ತಿದಾಗ ಫೋನು ಅಲುಗುತ್ತದೆ, ಅದಕ್ಕೆ ಮೂರು ಸೆಕೆಂಡಿನ ಟೈಮರ್ ಹಾಕಿ. ಆ್ಯಪ್ ಹೇಳುವ ಅತಿ ಎತ್ತರದ ಸಮಯಕ್ಕೆ ಹದಿನೈದು ಸೆಕೆಂಡು ಮುಂಚೆ ಶುರು ಮಾಡಿ, ಒಂದರ ಹಿಂದೊಂದು ಮೂರು ಫೋಟೋ ತೆಗೆಯಿರಿ. ನಿಲ್ದಾಣ ಬಿಳಿ ಗೆರೆಯಾಗಿ ಬರುತ್ತದೆ, ನಕ್ಷತ್ರಗಳು ಚುಕ್ಕೆಯಾಗಿ.

ನೈಟ್ ಮೋಡ್ ಮಾತ್ರ ಬೇಡ. ಮೊದಲ ಸಲ ತಮ್ಮ ಅದರಲ್ಲೇ ತೆಗೆದಿದ್ದ. ಆ ಮೋಡಿನಲ್ಲಿ ಫೋನು ಹಲವು ಸಣ್ಣ ಫೋಟೋಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ನಕ್ಷತ್ರಗಳು ಚೆನ್ನಾಗಿ ಬಂದಿದ್ದವು, ನಿಲ್ದಾಣದ ಗೆರೆ ತುಂಡುತುಂಡಾಗಿ ಅರ್ಧ ಅಳಿಸಿಹೋಗಿತ್ತು. ಆ ದಿನದ ಅಳತೆ ಪೂರ್ತಿ ಕೈಬಿಟ್ಟೆವು.

ಫೋಟೋ ಸಿಕ್ಕ ಮೇಲೆ ಸ್ಟೆಲೇರಿಯಂ ತೆರೆಯಿರಿ. ಉಚಿತವಾಗಿ ಸಿಗುವ ತಂತ್ರಾಂಶ. ನಿಮ್ಮ ಊರು, ಆ ದಿನ, ಆ ನಿಮಿಷ ಕೊಡಿ. ಗೆರೆಯ ಆಚೀಚೆ ಇರುವ ಎರಡು ಮೂರು ನಕ್ಷತ್ರಗಳನ್ನು ಗುರುತಿಸಿ ಅವುಗಳ ಮೇಲೆ ಒತ್ತಿದರೆ ಎತ್ತರದ ಕೋನ ತೋರಿಸುತ್ತದೆ. ಫೋಟೋವನ್ನು ಪ್ರಿಂಟ್ ಹಾಕಿಸಿ ಸ್ಕೇಲಿನಿಂದ ಅಳೆದರೆ ಗೆರೆಯ ಅತಿ ಎತ್ತರದ ಜಾಗಕ್ಕೆ ಎಷ್ಟು ಡಿಗ್ರಿ ಎಂದು ಸಿಗುತ್ತದೆ. ನಮಗೆ ಚಿತ್ರದುರ್ಗದಲ್ಲಿ 71 ಡಿಗ್ರಿ ಬಂತು, ತಮ್ಮನಿಗೆ ಬೆಂಗಳೂರಿನಲ್ಲಿ 82.

ಒಂದು ಎಚ್ಚರಿಕೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಮೇಲೆ ನೋಡುತ್ತಾ ತಾರಸಿಯಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡಬಾರದು. ನಮ್ಮಲ್ಲಿ ಚಾಪೆ ಹಾಕಿ ಎಲ್ಲರನ್ನೂ ಕೂರಿಸಿಯೇ ಶುರು ಮಾಡುವುದು.

ಲೆಕ್ಕ, ಮತ್ತು 30 ಕಿಲೋಮೀಟರ್ ಎಲ್ಲಿ ಹೋಯಿತು

ಸೂತ್ರ ಹತ್ತನೇ ತರಗತಿಯದೇ. ಒಂದನ್ನು ಕೋನದ ಟ್ಯಾನ್‌ನಿಂದ ಭಾಗಿಸಿದರೆ ಅದರ ಕಾಟ್. ಎರಡೂ ಕೋನಗಳ ಕಾಟ್ ಕೂಡಿಸಿ. ಅಡ್ಡ ದೂರವನ್ನು ಆ ಮೊತ್ತದಿಂದ ಭಾಗಿಸಿ. ಬಂದದ್ದೇ ಎತ್ತರ.

71ರ ಕಾಟ್ 0.344. 82ರ ಕಾಟ್ 0.141. ಕೂಡಿಸಿದರೆ 0.485. 187ನ್ನು ಅದರಿಂದ ಭಾಗಿಸಿದರೆ 386 ಕಿ.ಮೀ.

ಆವತ್ತಿನ ಕಕ್ಷೆಯ ಲೆಕ್ಕದಲ್ಲಿ ಇದ್ದದ್ದು ಸುಮಾರು 417. ಮೂವತ್ತು ಕಿಲೋಮೀಟರ್ ಕಡಿಮೆ. ಫೋಟೋ ಮತ್ತೆ ಅಳೆದೆವು, ಅಷ್ಟೇ ಬಂತು. ತಮ್ಮನಿಗೆ ಫೋನ್ ಮಾಡಿ "ನಿನ್ನ ಕೋನ ಸರಿಯಾಗಿ ನೋಡೋ" ಎಂದೆ. ಅವನು "ನಂದು ಸರಿ ಇದೆ ಅಕ್ಕಾ, ನಿಂದೇ ನೋಡ್ಕೋ" ಎಂದ. ಎರಡು ದಿನ ಹಾಗೇ ಇತ್ತು.

ಮೂರನೇ ದಿನ ಬೋರ್ಡಿನ ಮೇಲೆ ಚಿತ್ರ ಬರೆದೆ. ಕೆಳಗೆ ಒಂದು ನೇರ ಗೆರೆ, ಒಂದು ತುದಿಗೆ ಚಿತ್ರದುರ್ಗ, ಇನ್ನೊಂದು ತುದಿಗೆ ಬೆಂಗಳೂರು, ಮೇಲೆ ಒಂದು ಚುಕ್ಕೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಕೇಳಿದಳು: "ಮೇಡಂ, ನಮ್ಮೂರಿನ ನೆತ್ತಿ ಮೇಲಿನ ಆಕಾಶ, ಬೆಂಗಳೂರಿನ ನೆತ್ತಿ ಮೇಲಿನ ಆಕಾಶ, ಎರಡೂ ಒಂದೇ ದಿಕ್ಕಿಗಾ?" ನಾನು ಉತ್ತರ ಕೊಡುವ ಮುಂಚೆಯೇ ಎದ್ದು ಬಂದು ನನ್ನ ನೇರ ಗೆರೆಯನ್ನು ಕೈಯಿಂದ ಒರೆಸಿ, ಬಿಲ್ಲಿನ ಹಾಗೆ ಬಾಗಿದ ಗೆರೆ ಎಳೆದಳು. ಅಂಗೈ ತುಂಬ ಸೀಮೆಸುಣ್ಣ.

ವಿಷಯ ಅದೇ ಆಗಿತ್ತು. ಭೂಮಿ ದುಂಡಗಿದೆ. ಅವಳ ನೆಲ, ತಮ್ಮನ ನೆಲ ಎರಡೂ ಒಂದಕ್ಕೊಂದು ಓರೆಯಾಗಿವೆ. ನಾವು ಅಳೆದ ಕೋನ ನಮ್ಮ ನಮ್ಮ ನೆಲದಿಂದ. ತ್ರಿಕೋನಕ್ಕೆ ಬೇಕಾದ ಕೋನ ಎರಡು ಊರನ್ನು ನೆಲದೊಳಗಿಂದ ಸೇರಿಸುವ ನೇರ ಗೆರೆಯಿಂದ. ಸರಿ ಮಾಡುವುದು ಸುಲಭ. ಭೂಮಿಯ ಸುತ್ತಳತೆ 40,000 ಕಿ.ಮೀ., ಅಂದರೆ 111 ಕಿ.ಮೀ.ಗೆ ಒಂದು ಡಿಗ್ರಿ ಬಾಗುತ್ತದೆ. ಅಡ್ಡ ದೂರದ ಅರ್ಧ 93.5. ಅದನ್ನು 111ರಿಂದ ಭಾಗಿಸಿದರೆ 0.84. ಎರಡೂ ಕೋನಕ್ಕೆ 0.84 ಸೇರಿಸಬೇಕು, ಅಷ್ಟೇ.

71.84ರ ಕಾಟ್ 0.328. 82.84ರ ಕಾಟ್ 0.126. ಕೂಡಿಸಿದರೆ 0.454. 187ನ್ನು ಭಾಗಿಸಿದರೆ 412 ಕಿ.ಮೀ.

417ಕ್ಕೆ 412! ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯ ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರು. ಎತ್ತರ ಅಳೆಯಲು ಹೋಗಿ ಭೂಮಿ ದುಂಡಗಿರುವುದನ್ನೂ ಮಕ್ಕಳು ತಮ್ಮ ಕೈಯಾರೆ ಕಂಡುಕೊಂಡರು. ಅದೇ ನನಗೆ ಜಾಸ್ತಿ ಸಂತೋಷ.

ನಿಮ್ಮ ಉತ್ತರ ಇಷ್ಟು ಹತ್ತಿರ ಬರದಿದ್ದರೆ ಬೇಸರ ಬೇಡ. ಈ ತ್ರಿಕೋನದಲ್ಲಿ ಒಂದು ಕಡೆ ಕೋನ ಒಂದು ಡಿಗ್ರಿ ತಪ್ಪಿದರೆ ಎತ್ತರ 18 ಕಿ.ಮೀ. ಆಚೀಚೆ ಆಗುತ್ತದೆ. ಕೋನಮಾಪಕದಲ್ಲಿ ಎರಡು ಡಿಗ್ರಿ ತಪ್ಪುವುದು ಸಾಮಾನ್ಯ. ಉತ್ತರದ ಜೊತೆಗೆ "ಇಷ್ಟು ಆಚೀಚೆ ಇರಬಹುದು" ಎಂದು ಬರೆಯುವ ಅಭ್ಯಾಸ ಮಾಡಿಸಿ. ನಮ್ಮ ವಹಿಯಲ್ಲಿ 412, ಆಚೀಚೆ 20 ಎಂದೇ ಇದೆ.

ವೇಗವೂ ಅದೇ ಫೋಟೋದಲ್ಲಿದೆ

ಗೆರೆಯ ಉದ್ದ ಎಷ್ಟು ಡಿಗ್ರಿ ಎಂದು ಅಳೆಯಿರಿ. ಅಳತೆಗೋಲು ಆಕಾಶದಲ್ಲೇ ಇದೆ. ರೋಹಿಣಿಯಿಂದ ಕೃತ್ತಿಕೆಗೆ ಸುಮಾರು 14 ಡಿಗ್ರಿ. ಪುನರ್ವಸುವಿನ ಜೋಡಿ ನಕ್ಷತ್ರಗಳ ನಡುವೆ 4.5 ಡಿಗ್ರಿ. ನಮ್ಮ 10 ಸೆಕೆಂಡಿನ ಗೆರೆ 9.7 ಡಿಗ್ರಿ ಇತ್ತು. ಇನ್ನು ನಮ್ಮಿಂದ ನಿಲ್ದಾಣಕ್ಕೆ ನೇರ ದೂರ ಬೇಕು. ಎತ್ತರವನ್ನು ನಮ್ಮ 71.84 ಡಿಗ್ರಿ ಕೋನದ ಸೈನ್‌ನಿಂದ ಭಾಗಿಸಿದರೆ 434 ಕಿ.ಮೀ. ಅದನ್ನು 9.7ರಿಂದ ಗುಣಿಸಿ 57.3ರಿಂದ ಭಾಗಿಸಿದರೆ 73.5 ಕಿ.ಮೀ. ಹತ್ತು ಸೆಕೆಂಡಿಗೆ 73.5, ಸೆಕೆಂಡಿಗೆ 7.35.

ಪುಸ್ತಕದಲ್ಲಿ 7.66 ಇದೆಯಲ್ಲ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಎರಡೂ ಸರಿ. ನಾವು ನಿಂತ ನೆಲವೂ ಸೆಕೆಂಡಿಗೆ ಸುಮಾರು 0.45 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ನಿಲ್ದಾಣವೂ ಪೂರ್ವದ ಕಡೆಗೇ ವಾಲಿಕೊಂಡು ಹೋಗುತ್ತದೆ. ಚಲಿಸುವ ಬಸ್ಸಿನಿಂದ ಅದೇ ದಿಕ್ಕಿಗೆ ಓಡುವ ರೈಲು ನೋಡಿದ ಹಾಗೆ, ಸ್ವಲ್ಪ ನಿಧಾನ ಕಾಣುತ್ತದೆ.

ಒಂದು ವಹಿ ಇಟ್ಟು ತಿಂಗಳುಗಟ್ಟಲೆ ನೋಡುವುದು

ನಿಜವಾದ ಸಂಶೋಧನೆಯ ರುಚಿ ಸಿಗುವುದು ಇಲ್ಲಿ. ಇದಕ್ಕೆ ಮೋಡದ ಭಯವೂ ಇಲ್ಲ.

ಸೆಲೆಸ್ಟ್ರಾಕ್ ಎಂಬ ತಾಣದಲ್ಲಿ ಪ್ರತಿ ಉಪಗ್ರಹದ ಕಕ್ಷೆಯನ್ನು ಎರಡು ಸಾಲಿನ ಅಂಕಿಗಳಲ್ಲಿ ಕೊಡುತ್ತಾರೆ. ಬಾಹ್ಯಾಕಾಶ ನಿಲ್ದಾಣದ ಸಂಖ್ಯೆ 25544. ಎರಡನೇ ಸಾಲಿನ ಕೊನೆಯ ಗುಂಪನ್ನು ನೋಡಿ, 15.5ರ ಆಸುಪಾಸಿನಲ್ಲಿ ಶುರುವಾಗುತ್ತದೆ. ದಿನಕ್ಕೆ ಎಷ್ಟು ಸುತ್ತು ಎನ್ನುವುದು ಅದು. ದಶಮಾಂಶದ ಮುಂದಿನ ಮೊದಲ ನಾಲ್ಕು ಅಂಕಿ ನಮಗೆ ಸಾಕು. ಪ್ರತಿ ಸೋಮವಾರ ಬೆಳಗ್ಗೆ ಒಂದು ಮಗು ಅದನ್ನು ವಹಿಗೆ ಬರೆಯುತ್ತದೆ.

ಸುತ್ತಿನಿಂದ ಎತ್ತರ ತೆಗೆಯಲು ಕೆಪ್ಲರ್‌ನ ಮೂರನೇ ನಿಯಮ ಇದೆ. ದಿನದ 86,400 ಸೆಕೆಂಡನ್ನು ಸುತ್ತಿನಿಂದ ಭಾಗಿಸಿದರೆ ಒಂದು ಸುತ್ತಿನ ಕಾಲ. ಅದರ ವರ್ಗವನ್ನು 398600ರಿಂದ ಗುಣಿಸಿ, 39.48ರಿಂದ ಭಾಗಿಸಿ, ಘನಮೂಲ ತೆಗೆದರೆ ಭೂಮಿಯ ನಡುವಿನಿಂದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಅದರಿಂದ ಭೂಮಿಯ ತ್ರಿಜ್ಯ 6378 ಕಳೆಯಿರಿ. 15.50 ಸುತ್ತಿಗೆ 417 ಕಿ.ಮೀ. ಮೇಲೆ ಹೇಳಿದ 417 ಬಂದದ್ದು ಹೀಗೆ. ವಾರವಾರದ ಬದಲಾವಣೆಗೆ ಇಷ್ಟೂ ಮಾಡಬೇಕಿಲ್ಲ. ನಾಲ್ಕನೇ ದಶಮಾಂಶದ ಅಂಕಿ ಒಂದು ಏರಿದರೆ ನಿಲ್ದಾಣ ಸುಮಾರು 29 ಮೀಟರ್ ಇಳಿದಿದೆ ಎಂದು ಲೆಕ್ಕ.

ಹೌದು, ಇಳಿಯುತ್ತದೆ. 400 ಕಿ.ಮೀ. ಎತ್ತರದಲ್ಲೂ ಗಾಳಿ ಪೂರ್ತಿ ಮುಗಿದಿಲ್ಲ. ತೆಳ್ಳಗಿನ ಆ ಗಾಳಿಯನ್ನು ಸೀಳಿಕೊಂಡು ಹೋಗುತ್ತಾ ನಿಲ್ದಾಣ ತಿಂಗಳಿಗೆ ಸುಮಾರು ಎರಡು ಕಿ.ಮೀ. ಕೆಳಗೆ ಬರುತ್ತದೆ. ಕೆಳಗೆ ಬಂದಷ್ಟೂ ಅದರ ವೇಗ ಹೆಚ್ಚುತ್ತದೆ, ಸುತ್ತು ಹೆಚ್ಚುತ್ತದೆ. ಗಾಳಿ ತಡೆದರೆ ವೇಗ ಕಡಿಮೆಯಾಗಬೇಕಲ್ವಾ ಎಂದು ಮಕ್ಕಳು ಜಗಳಕ್ಕೇ ಬರುತ್ತಾರೆ. ಬರಲಿ. ಕೆಪ್ಲರ್‌ನ ಲೆಕ್ಕ ಮಾಡಿಸಿ, ಅವರೇ ಒಪ್ಪುತ್ತಾರೆ. ನಡುನಡುವೆ ರಷ್ಯಾದ ಪ್ರೋಗ್ರೆಸ್‌ನಂಥ ಸರಕು ನೌಕೆಯ ಎಂಜಿನ್ ಹಚ್ಚಿ ನಿಲ್ದಾಣವನ್ನು ಮೇಲಕ್ಕೆ ತಳ್ಳುತ್ತಾರೆ. ಹಾಗಾಗಿ ಗ್ರಾಫ್ ಹಾಳೆಯಲ್ಲಿ ಎತ್ತರ ಗರಗಸದ ಹಲ್ಲಿನ ಹಾಗೆ ಬರುತ್ತದೆ: ನಿಧಾನ ಇಳಿತ, ದಿಢೀರ್ ಏರಿಕೆ. ತಳ್ಳಿದ ವಾರವನ್ನು ಮಕ್ಕಳು ಸುದ್ದಿಗಿಂತ ಮೊದಲು ವಹಿಯಲ್ಲೇ ಹಿಡಿಯುತ್ತಾರೆ.

ಈ ಗಾಳಿ ಪ್ರತಿದಿನ ಒಂದೇ ತರಹ ಇರುವುದಿಲ್ಲ. ಸೂರ್ಯ ಕೆರಳಿದಾಗ ಮೇಲಿನ ವಾತಾವರಣ ಕಾದು ಉಬ್ಬುತ್ತದೆ, ತಡೆ ಜಾಸ್ತಿಯಾಗುತ್ತದೆ. 2022ರ ಫೆಬ್ರವರಿ 3ರಂದು ಸ್ಪೇಸ್‌ಎಕ್ಸ್ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಸುಮಾರು 210 ಕಿ.ಮೀ. ಎತ್ತರದಲ್ಲಿ ಬಿಟ್ಟಿತ್ತು. ಅಲ್ಲಿಂದ ಅವು ಮೆಲ್ಲಗೆ ಮೇಲೇರಬೇಕಿತ್ತು. ಅದೇ ಹೊತ್ತಿಗೆ ಸೂರ್ಯನ ಕಡೆಯಿಂದ ಕಾಂತ ಬಿರುಗಾಳಿ ಬಂತು, ಅದೂ ದೊಡ್ಡದೇನಲ್ಲ. 49ರಲ್ಲಿ 38 ಉಪಗ್ರಹಗಳು ಏರಲಾಗದೆ ವಾತಾವರಣಕ್ಕೆ ಬಿದ್ದು ಸುಟ್ಟುಹೋದವು.

ನಮ್ಮ ಆರ್ಯಭಟದ ಕಥೆಯನ್ನೂ ಇದರ ಜೊತೆಗೇ ಹೇಳುತ್ತೇನೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಕಟ್ಟಿದ 360 ಕಿಲೋ ತೂಕದ ಉಪಗ್ರಹ ಅದು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲೆ ಬಿಟ್ಟಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೆ ಆ ದೇಹ ಮಾತ್ರ 600 ಕಿ.ಮೀ. ಆಸುಪಾಸಿನಲ್ಲಿ ಹದಿನಾರು ವರ್ಷಕ್ಕೂ ಮೇಲೆ ಭೂಮಿಯನ್ನು ಸುತ್ತುತ್ತಲೇ ಇತ್ತು. 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಮರಳಿತು. ಎಂಜಿನ್ ಇಲ್ಲ, ಯಾರೂ ತಳ್ಳಲಿಲ್ಲ. ಅದನ್ನು ಕೆಳಗೆ ತಂದದ್ದು ಅದೇ ತೆಳ್ಳಗಿನ ಗಾಳಿ. ಮಕ್ಕಳ ವಹಿಯಲ್ಲಿ ವಾರಕ್ಕೆ ಹದಿನೈದು ಇಪ್ಪತ್ತು ಅಂಕಿ ಏರುವುದು ಕಾಣುತ್ತದಲ್ಲ, ಆರ್ಯಭಟವನ್ನು ಇಳಿಸಿದ್ದೂ ಅದೇ ಶಕ್ತಿ.

ಕಕ್ಷೆಯಿಂದ ಸುಡದೆ ಇಳಿದು ಬರುವುದು ಇನ್ನೊಂದು ದೊಡ್ಡ ವಿದ್ಯೆ. ಅದರ ಕೊನೆಯ ಹಂತದ ಪರೀಕ್ಷೆ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನಾಗಿ ಬಂದು ಚಳ್ಳಕೆರೆ ತಾಲ್ಲೂಕಿನ ರನ್‌ವೇ ಮೇಲೆ ಇಳಿಯಿತು. ನಮ್ಮ ಶಾಲೆಯ ಮಕ್ಕಳಿಗೆ ಬಾಹ್ಯಾಕಾಶ ಎಂದರೆ ದೂರದ ವಿಷಯವಲ್ಲ, ಪಕ್ಕದ ತಾಲ್ಲೂಕು.

ಶುರು ಮಾಡುವವರಿಗೆ ಇನ್ನೊಂದೆರಡು ಮಾತು. ವಹಿಯಲ್ಲಿ ದಿನ, ಸಮಯ, ಎರಡೂ ತಾರಸಿಗಳ ಅಕ್ಷಾಂಶ ರೇಖಾಂಶ, ಮೋಡ ಇತ್ತೋ ಇಲ್ಲವೋ, ಯಾರು ಅಳೆದರು, ಎಲ್ಲ ಬರೆಯಿರಿ. ಕೆಟ್ಟ ಅಳತೆಯನ್ನೂ ಹೊಡೆದು ಹಾಕಬೇಡಿ, ಪಕ್ಕದಲ್ಲಿ ಕಾರಣ ಬರೆದಿಡಿ. ನಮ್ಮ 386 ಇವತ್ತಿಗೂ ಹಾಗೇ ಇದೆ, ಅದರ ಕೆಳಗೆ ಆ ಹುಡುಗಿಯ ಬಾಗಿದ ಗೆರೆಯ ಚಿತ್ರ. ಕೈ ಪಳಗಿದ ಮೇಲೆ ಚೀನಾದ ಟಿಯಾಂಗಾಂಗ್ ನಿಲ್ದಾಣವನ್ನೂ ಅಳೆಯಬಹುದು. ಅದರ ಕಕ್ಷೆ 41.5 ಡಿಗ್ರಿ ಓರೆ, ಹಾಗಾಗಿ ದಾರಿ ಪೂರ್ವಕ್ಕೆ ಹೆಚ್ಚು ವಾಲಿರುತ್ತದೆ. ಅಡ್ಡ ದೂರವನ್ನು ನಕ್ಷೆಯಲ್ಲಿ ಹೊಸದಾಗಿ ತೆಗೆಯಬೇಕು.

ನಮ್ಮ ಮುಂದಿನ ಸರದಿ ಮಳೆಗಾಲ ಮುಗಿದ ಮೇಲೆ, ವಾಯವ್ಯದಿಂದ ಬರುವ ದಾರಿಗೆ. ಮಂಗಳೂರಿನಲ್ಲಿರುವ ದೊಡ್ಡಮ್ಮನ ಮಗಳು ಒಪ್ಪಿದ್ದಾಳೆ. ಕೋನಮಾಪಕಕ್ಕೆ ಪೆನ್ನಿನ ಕೊಳವೆ ಅಂಟಿಸಿ, ದಾರಕ್ಕೆ ನಟ್ಟು ಕಟ್ಟಿ ಆಗಲೇ ಫೋಟೋ ಕಳಿಸಿದ್ದಾಳೆ. ದಾರ ಸ್ವಲ್ಪ ಉದ್ದವಾಯಿತು, ಕಡಿಮೆ ಮಾಡು ಎಂದು ಹೇಳಿದ್ದೇನೆ.